ರಸಮಟ್ಟ ಕೊಳ್ಳುವಾಗ ತಿರುಗಿಸಿ ನೋಡಿ

ಮಾನ್ಯ ಸಂಪಾದಕರೇ,

ನನ್ನದು ಮರಗೆಲಸ. ಮನೆಯ ಸಣ್ಣಪುಟ್ಟ ಕೆಲಸಕ್ಕೆ ಯಾವ ರಸಮಟ್ಟ (ಸಮತಟ್ಟಾಗಿದೆಯೇ ಎಂದು ನೋಡುವ, ಗುಳ್ಳೆಯ ಕೊಳವೆಯಿರುವ ಪಟ್ಟಿ) ತಗೊಳ್ಳಲಿ ಎಂದು ಜನ ಕೇಳುತ್ತಲೇ ಇರುತ್ತಾರೆ. ದುಬಾರಿಯದ್ದು ಬೇಕಿಲ್ಲ. ಫೋಟೋ, ಶೆಲ್ಫು, ವಾಷಿಂಗ್ ಮೆಷಿನ್‌ಗೆ 9 ಇಂಚಿನದ್ದು ಸಾಕು. ಆದರೆ ನೋಡದೆ ಸುಮ್ನೆ ತರಬೇಡಿ.

ಅಂಗಡಿಯ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿ. ಆಮೇಲೆ ಎಡತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ, ಅದೇ ಜಾಗದಲ್ಲಿ ಇಡಿ. ಗುಳ್ಳೆ ಮೊದಲಿನಂತೆ ಮೇಜಿನ ಅದೇ ಬದಿಗೆ, ಅಷ್ಟೇ ಸರಿದು ನಿಂತರೆ ರಸಮಟ್ಟ ಸರಿಯಿದೆ. ಮೇಜು ಓರೆಯಿದ್ದರೂ ತೊಂದರೆಯಿಲ್ಲ. ಇನ್ನೊಂದು ಬದಿಗೆ ಓಡಿತೋ, ಅದು ಎಷ್ಟೇ ಅಗ್ಗವಿರಲಿ, ಬೇಡ.

ಮೀಟರಿಗೆ 0.5 ಮಿ.ಮೀ. ವ್ಯತ್ಯಾಸ ಎಂದು ಬರೆದಿದ್ದರೆ ಒಳ್ಳೆಯದು. 1 ಮಿ.ಮೀ. ಇದ್ದರೂ ಮನೆಕೆಲಸಕ್ಕೆ ನಡೆಯುತ್ತದೆ. ಅಂಚು ನೇರವಾಗಿರಬೇಕು, ಗುಳ್ಳೆಯ ಕೊಳವೆ ಅಲುಗಾಡಬಾರದು. ಕಬ್ಬಿಣದ ಕೆಲಸ ಇಲ್ಲದವರಿಗೆ ಅಯಸ್ಕಾಂತವಿರುವ ರಸಮಟ್ಟ ಯಾಕೆ ಬೇಕು, ಅಲ್ವಾ? ಉದ್ದದ ಶೆಲ್ಫಿಗೆ ನೇರವಾದ ಪಟ್ಟಿಯೊಂದನ್ನು ಇಟ್ಟು, ಅದರ ಮೇಲೆ ಸಣ್ಣ ರಸಮಟ್ಟ ಇಟ್ಟರಾಯಿತು.

ತಯಾರಿಸುವವರು ಈ ತಿರುಗಿಸಿ ನೋಡುವ ಪರೀಕ್ಷೆಯನ್ನು ಪೊಟ್ಟಣದ ಮೇಲೆ ಚಿತ್ರ ಸಮೇತ ಅಚ್ಚು ಹಾಕಬೇಕು ಎಂದು ಕೋರುತ್ತೇನೆ.

— ಒಬ್ಬ ಬಡಗಿ