ಅಲಂಕಾರ ಮನೆಯ ಮಾತಿನಲ್ಲೇ ಇದೆ

ಮಾನ್ಯ ಸಂಪಾದಕರೇ,

ನನ್ನ ಮಗಳು ಹತ್ತನೇ ತರಗತಿ. ಒಂದನ್ನು ಇನ್ನೊಂದಕ್ಕೆ ಹೋಲಿಸುವ ಉಪಮಾಲಂಕಾರಕ್ಕೆ ಗೈಡ್‌ನಲ್ಲಿರುವ ‘ಸೀತೆಯ ಮುಖ ಕಮಲದಂತೆ ಮನೋಹರವಾಗಿದೆ’ ಎಂಬ ವಾಕ್ಯವನ್ನು ಐದು ಸಲ ಬರೆದು ಬಾಯಿಪಾಠ ಮಾಡಿದ್ದಳು. ಇದರಲ್ಲಿ ಉಪಮೇಯ, ಅಂದರೆ ಹೋಲಿಸಿರುವ ವಸ್ತು, ಯಾವುದು ಎಂದು ಕೇಳಿದರೆ ತಡವರಿಸಿದಳು.

ಪಕ್ಕದಲ್ಲಿ ರಾಗಿ ಕೇರುತ್ತಿದ್ದ ನಮ್ಮ ಅತ್ತೆ ಆಗ ಆಕಾಶ ನೋಡಿ, ‘ಈ ಮಳೆ ಸಾಲಗಾರನ ಹಾಗೆ ತಲೆ ತಪ್ಪಿಸಿಕೊಂಡು ತಿರುಗುತ್ತಿದೆ’ ಎಂದರು. ನಾನು ಹೊಲಿಗೆ ಯಂತ್ರ ನಿಲ್ಲಿಸಿ, ಇದನ್ನು ಬಿಡಿಸು ಎಂದೆ. ಮಳೆ ಉಪಮೇಯ, ಸಾಲಗಾರ ಉಪಮಾನ, ‘ಹಾಗೆ’ ಉಪಮಾವಾಚಕ, ತಲೆ ತಪ್ಪಿಸಿಕೊಳ್ಳುವುದು ಸಮಾನಧರ್ಮ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದಳು! ‘ನಿಮ್ಮಪ್ಪನ ಕೋಪ ಹಾಲಿನ ಉಕ್ಕು’ ಎಂದು ಅತ್ತೆ ಸೇರಿಸಿದಾಗ, ‘ಹಾಗೆ’ ಇಲ್ಲ, ಎರಡೂ ಒಂದೇ ಎಂದಿದ್ದೀರಿ, ಇದು ರೂಪಕ ಎಂದು ಅವಳೇ ಕಂಡುಕೊಂಡಳು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಅಲಂಕಾರಗಳನ್ನು ವಿವರಿಸಿದೆ. ಇಷ್ಟು ಹಳೆಯ ವಿದ್ಯೆ ಮಕ್ಕಳಿಗೆ ಬರೀ ಅಂಕದ ಪ್ರಶ್ನೆಯಾಗಿರುವುದು ನನಗೆ ನಿಜಕ್ಕೂ ನೋವು ತಂದಿದೆ. ಕನ್ನಡ ಶಿಕ್ಷಕರು ವಾರಕ್ಕೊಮ್ಮೆಯಾದರೂ ಮನೆಯಲ್ಲಿ ಕೇಳಿದ ಇಂಥ ಒಂದು ಮಾತನ್ನು ಬರೆದು ತರಲು ಮಕ್ಕಳಿಗೆ ಹೇಳಬೇಕು. ಪರೀಕ್ಷೆಯಲ್ಲಿಯೂ ಸ್ವಂತ ಉದಾಹರಣೆ ಬರೆಯುವ ಪ್ರಶ್ನೆ ಇರಲಿ.

– ಒಬ್ಬ ತಾಯಿ, ತಿಪಟೂರು