ಸಮುದ್ರ ಎಲ್ಲಿಗೂ ಓಡಿಹೋಗಲ್ಲ

ಪ್ರೀತಿಯ ಗೆಳೆಯ,

ನಾವು ನಾಲ್ವರೂ ಒಟ್ಟಿಗೆ ಸಮುದ್ರ ನೋಡಲು ಹೊರಡುವುದು ರದ್ದಾಯಿತು ಕಣೋ. ಚಿಕ್ಕವನಿಗೆ ಚಿಕನ್‌ಪಾಕ್ಸ್.

ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು ಮೊದಲು ಛತ್ರಿ ವಿಷಯ ಎತ್ತುತ್ತೀಯ, ಆಮೇಲೆ ಇಬ್ಬರೂ ನಗುತ್ತೇವೆ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುವುದಕ್ಕೂ ಒಂದು ಕಾರಣ ಇದೆ. ಗುಳ್ಳೆ ಕಾಣಿಸುವ ಹಿಂದಿನ ದಿನ ನಾವೊಂದು ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಅಲ್ಲಿ ಬಂದಿದ್ದ ಕೆಲವರ ನಂಬರು ನಮ್ಮ ಹತ್ತಿರ ಇಲ್ಲ. ಅವರ ಕಣ್ಣಿಗೂ ಇದು ಬೀಳಲಿ.

ಮೊದಲು ಹೊಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಇತ್ತು. ಸೊಳ್ಳೆ ಇರಬೇಕು ಅಂದುಕೊಂಡೆವು. ಸಂಜೆ ಸ್ನಾನ ಮಾಡಿಸುವಾಗ ನೋಡಿದರೆ ಬೆನ್ನ ಮೇಲೆ ನಾಲ್ಕೈದು, ಕಿವಿಯ ಹಿಂದೆ ಒಂದು, ಕೂದಲ ಒಳಗೆ ಇನ್ನೊಂದೆರಡು. ಒಂದರ ಒಳಗೆ ಆಗಲೇ ನೀರು ತುಂಬಿಕೊಂಡು, ಮೇಲಿನ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ನನ್ನ ಹೆಂಡತಿ ಟಾರ್ಚ್ ಹಿಡಿದು ನೋಡಿದಳು. ಅವಳಿಗೆ ಚಿಕ್ಕಂದಿನಲ್ಲಿ ಬಂದು ಹೋಗಿದೆ, ಹುಬ್ಬಿನ ಪಕ್ಕ ಈಗಲೂ ಒಂದು ಸಣ್ಣ ಗುಂಡಿ ಇದೆ. ಏನೂ ಹೇಳದೆ ಟಾರ್ಚ್ ಆರಿಸಿದಳು. ನನಗೂ ಅರ್ಥವಾಯಿತು.

ಡಾಕ್ಟರು ಬೇರೆ ಮಕ್ಕಳು ಕೂತಿದ್ದ ಕಡೆ ನಮ್ಮನ್ನು ಬಿಡಲಿಲ್ಲ, ಪಕ್ಕದ ಕೋಣೆಗೆ ಬಂದು ನೋಡಿದರು. ಇವನಿಗೆ ಲಸಿಕೆಯ ಒಂದು ಡೋಸ್ ಆಗಿತ್ತು, ಎರಡನೆಯದಕ್ಕೆ ಇನ್ನೂ ಸಮಯ ಇತ್ತು. ಒಂದು ಡೋಸ್ ಆದ ಮಕ್ಕಳಲ್ಲೂ ಕೆಲವರಿಗೆ ಇದು ಬರುತ್ತದಂತೆ, ಆದರೆ ಹಗುರವಾಗಿ. ಲಸಿಕೆಯೇ ಆಗದ ಮಗುವಿಗೆ 250ರಿಂದ 500 ಗುಳ್ಳೆ ಏಳುವುದು ಮಾಮೂಲಿ. ಇವನಂಥವರಿಗೆ ಹೆಚ್ಚಾಗಿ 50ರ ಒಳಗೇ ಮುಗಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಕೆರೆತಕ್ಕೆ ಕ್ಯಾಲಮೈನ್ ಲೋಷನ್, ಉಗುರು ಚಿಕ್ಕದಾಗಿ ಕತ್ತರಿಸಿ. ಆಸ್ಪಿರಿನ್ ಮಾತ್ರ ಕೊಡಲೇಬೇಡಿ ಅಂತ ಒತ್ತಿ ಹೇಳಿದರು. ಚಿಕನ್‌ಪಾಕ್ಸ್ ಇರುವ ಮಗುವಿಗೆ ಅದನ್ನು ಕೊಟ್ಟರೆ ರೈ ಸಿಂಡ್ರೋಮ್ ಅಂತ, ಲಿವರು ಮಿದುಳು ಎರಡನ್ನೂ ಕೆಡಿಸುವ ಕಾಯಿಲೆ ಬರುವ ಅಪಾಯ ಇದೆ. ತೀರಾ ಅಪರೂಪ, ಆದರೆ ಬಂದರೆ ಭಯಂಕರ. ಐಬುಪ್ರೊಫೇನ್ ಕೂಡ ಬೇಡ ಅಂದರು.

ಕಷ್ಟ ಅನ್ನಿಸಿದ್ದು ಇದ್ಯಾವುದೂ ಅಲ್ಲ. ಹುಡುಗ ಹುಷಾರಾಗಿಯೇ ಇದ್ದ! ಸ್ವಲ್ಪ ಮೈ ಬೆಚ್ಚಗಿತ್ತು, ಒಂದು ರಾತ್ರಿ ಕೆರೆದುಕೊಂಡು ಅತ್ತ, ಅಷ್ಟೇ. ಬೆಳಿಗ್ಗೆ ಎದ್ದು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದ. ಮಲಗಿದಲ್ಲೇ ಮಲಗಿದ್ದರೆ ಪ್ರವಾಸದ ಯೋಚನೆಯೇ ಬರುತ್ತಿರಲಿಲ್ಲ. ಇವನೋ ನೀರಿಗೆ ಹಾರುವ ಕನ್ನಡಕ ಹಾಕಿಕೊಂಡು ಮನೆ ತುಂಬ ಓಡಾಡುತ್ತಿದ್ದಾನೆ. ‘ಹೋಗೋಣ ನಡಿ’ ಅನ್ನುತ್ತಾನೆ. ಬೇಡ ಅಂದಿದ್ದು ಅವನಿಗೋಸ್ಕರ ಅಲ್ಲ, ಬೇರೆಯವರಿಗೋಸ್ಕರ. ನಾಲ್ಕು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುತ್ತೀಯ?

ವಿಮಾನದವರೂ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಸಾಮಾನ್ಯವಾಗಿ ಹತ್ತಿಸುವುದಿಲ್ಲ. ಅದು ಸರಿಯೇ. ಗಾಳಿಯಲ್ಲಿ ಹರಡುವ ಕಾಯಿಲೆ ಇದು. ಒಂದೇ ಮನೆಯಲ್ಲಿದ್ದು, ಲಸಿಕೆಯೂ ಆಗದೆ, ಮೊದಲು ಬಂದೂ ಇರದ 10 ಜನರಲ್ಲಿ ಸುಮಾರು 9 ಜನರಿಗೆ ತಗುಲುತ್ತದೆ. ಚುಕ್ಕೆ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ. ನನಗೆ ನಿದ್ದೆ ಕೆಡಿಸಿದ್ದು ಇದೇ. ಹುಟ್ಟುಹಬ್ಬದ ದಿನ ಇವನು ಬಲೂನ್ ಹಿಡಿದು ಎಲ್ಲರ ತೊಡೆ ಹತ್ತಿ ಇಳಿದಿದ್ದ. ಆಗ ಮೈ ಮೇಲೆ ಒಂದು ಗೆರೆಯೂ ಇರಲಿಲ್ಲ.

ಸರಿ, ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದೆವು. ಕೆಲವರು ಥ್ಯಾಂಕ್ಸ್ ಹೇಳಿದರು. ಒಬ್ಬರು ‘ಮಕ್ಕಳಿಗೆ ಬರೋದೇ ಅಲ್ವಾ, ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ’ ಅಂದರು. ಇನ್ನೊಬ್ಬರು ಮಾತೇ ಆಡಲಿಲ್ಲ. ಅವರ ಮನೆಯಲ್ಲಿ ಗರ್ಭಿಣಿ ಇದ್ದಾರೆ. ಆ ಮೌನ ಕೇಳಿ ನನ್ನ ಕೈ ತಣ್ಣಗಾಯಿತು. ಮರುದಿನ ಅವರೇ ಫೋನ್ ಮಾಡಿ, ರಕ್ತ ಪರೀಕ್ಷೆ ಆಯಿತು, ಅವರಿಗೆ ಹಿಂದೆ ಬಂದು ಹೋಗಿದೆಯಂತೆ, ತೊಂದರೆ ಇಲ್ಲ ಅಂದಾಗ ನಾನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ.

ಅದಕ್ಕೇ ಅಲ್ಲಿಗೆ ಬಂದಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಗರ್ಭಿಣಿಯರು, ಎಳೆಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಮನೆಯಲ್ಲಿದ್ದರೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಹೇಳಿ. ಅವರಿಗೆ ಕೊಡುವ ಬೇರೆ ಇಂಜೆಕ್ಷನ್ ಇದೆ, ಅದನ್ನು ಸೋಂಕಿನವರ ಜೊತೆ ಇದ್ದ 10 ದಿನದ ಒಳಗೆ ಕೊಡಬೇಕು. ಆರೋಗ್ಯವಾಗಿರುವ, ಲಸಿಕೆ ಆಗದ ಮಗುವಾದರೆ, ಸೋಂಕಿನವರ ಜೊತೆ ಇದ್ದ 3ರಿಂದ 5 ದಿನದ ಒಳಗೆ ಲಸಿಕೆ ಹಾಕಿಸಿದರೂ ಉಪಯೋಗ ಆಗುತ್ತದೆ. ಬಾರದೇ ಇರಬಹುದು, ಬಂದರೂ ಹಗುರ. ಬರುವುದಾದರೆ 10ರಿಂದ 21 ದಿನದ ಒಳಗೆ ಕಾಣಿಸುತ್ತದೆ. ಅಲ್ಲಿಯ ತನಕ ಮಕ್ಕಳ ಬೆನ್ನು, ತಲೆ ನೋಡುತ್ತಿರಿ.

ಗೆಳೆಯ, ರಾತ್ರಿ ಅವನು ಕೆರೆದುಕೊಳ್ಳದ ಹಾಗೆ ಕೈ ಹಿಡಿದು ಕೂತಾಗ ಈ ಲಸಿಕೆ ಮಾಡಿದವರ ಬಗ್ಗೆ ಓದುತ್ತಿದ್ದೆ. ಮಿಚಿಯಾಕಿ ತಕಾಹಾಶಿ ಅಂತ, ಜಪಾನಿನವರು. 1964ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ವೈರಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಅವರ 3 ವರ್ಷದ ಮಗನಿಗೆ ಚಿಕನ್‌ಪಾಕ್ಸ್ ಬಂತು. ಹಗುರವಾಗಿ ಅಲ್ಲ. ಜ್ವರ ಏರಿತು, ಉಸಿರಾಟವೇ ಕಷ್ಟವಾಯಿತು. ಗಂಡ ಹೆಂಡತಿ ರಾತ್ರಿಯೆಲ್ಲ ಮಗುವಿನ ಪಕ್ಕ ಎದ್ದು ಕೂತಿದ್ದರು. ಮಗ ಉಳಿದುಕೊಂಡ. ತಂದೆ ಜಪಾನಿಗೆ ವಾಪಸ್ ಹೋಗಿ ಇದೇ ಕೆಲಸ ಹಿಡಿದು, 1974ರಲ್ಲಿ ಲಸಿಕೆಯ ವಿಷಯ ಪ್ರಕಟಿಸಿದರು. ಕಾಯಿಲೆ ಬಂದಿದ್ದ ಇನ್ನೊಬ್ಬ ಪುಟ್ಟ ಹುಡುಗನ ಗುಳ್ಳೆಯಿಂದ ತೆಗೆದ ವೈರಸ್ಸನ್ನೇ ದುರ್ಬಲಗೊಳಿಸಿ ಮಾಡಿದ್ದು ಅದು. ಆ ಹುಡುಗನ ಮನೆತನದ ಹೆಸರಲ್ಲೇ ಈಗಲೂ ಓಕಾ ತಳಿ ಅನ್ನುತ್ತಾರೆ. ನನ್ನ ಮಗ ಸೋಫಾ ಹಾರುತ್ತಿರುವುದು ಎಂದೋ ನಿದ್ದೆಗೆಟ್ಟ ಒಬ್ಬ ಅಪ್ಪನ ಕೆಲಸದಿಂದ. ಓದಿ ಕಣ್ಣು ತುಂಬಿ ಬಂತು.

ಇಷ್ಟು ಹೇಳಿ ಮುಗಿಸಬೇಕು ಅಂತಿದ್ದೆ. ಆದರೆ ಈ ಗಲಾಟೆಯಲ್ಲಿ ನನ್ನನ್ನು ಕಾಡುತ್ತಿರುವುದು ಚಿಕ್ಕವನಲ್ಲ, ದೊಡ್ಡವಳು.

ಅವಳಿಗೆ ಎರಡೂ ಡೋಸ್ ಆಗಿದೆ. ಅಮ್ಮನಿಗೆ ಬಂದು ಹೋಗಿದೆ. ಇಬ್ಬರೂ ಹೋಗಿಬರಬಹುದು, ದಿನಾ ಮೈ ನೋಡಿಕೊಳ್ಳುತ್ತಿದ್ದರೆ ಸಾಕು ಅಂತ ಡಾಕ್ಟರು ಹೇಳಿದ್ದರು. ಈ ಸಮುದ್ರಕ್ಕೋಸ್ಕರ ಅವಳು ಈಜು ಕಲಿತಿದ್ದಾಳೆ, ನಿನಗೇ ಗೊತ್ತಲ್ಲ, ಮೊದಲ ಸಲ ಮುಳುಗಿ ಎದ್ದ ವಿಡಿಯೋ ಕಳಿಸಿದ್ದೆ. ಅಲೆ ಯಾಕೆ ಬರುತ್ತೆ, ಏಡಿ ಯಾಕೆ ಅಡ್ಡಡ್ಡ ನಡೆಯುತ್ತೆ ಅಂತ ಒಂದು ನೋಟ್‌ಬುಕ್ ತುಂಬ ಬರೆದಿಟ್ಟಿದ್ದಳು. ನಾನು ಹೋಗಿ, ತಮ್ಮನಿಗೆ ಹೀಗಾಗಿದೆ, ನಾನು ಅವನ ಜೊತೆ ಇರ್ತೀನಿ, ನೀನು ಅಮ್ಮ ಹೋಗಿಬನ್ನಿ ಅಂದೆ.

‘ಬೇಡ ಅಪ್ಪ. ಆಮೇಲೆ ಎಲ್ಲರೂ ಹೋಗೋಣ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ’ ಅಂದಳು. ಬ್ಯಾಗ್ ತೆಗೆದು ಈಜುವ ಬಟ್ಟೆಯನ್ನು ಮಡಿಸಿ, ಮಡಿಕೆಯ ಮೇಲೆ ಕೈಯಿಂದ ಒತ್ತಿ ನೇರ ಮಾಡಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಳು. ನೋಟ್‌ಬುಕ್ಕನ್ನು ಅದರ ಕೆಳಗೆ ಸೇರಿಸಿದಳು. ಒಂದು ಹನಿ ಕಣ್ಣೀರಿಲ್ಲ. ಒಂಬತ್ತು ವರ್ಷ ಕಣೋ ಅವಳಿಗೆ.

ಮನೆಗೆ ಫೋನ್ ಮಾಡಿದವರೆಲ್ಲ ಎಷ್ಟು ಜಾಣೆ, ಎಷ್ಟು ಅರ್ಥ ಮಾಡ್ಕೋತಾಳೆ ಅಂತ ಹೊಗಳಿದರು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಸಂಕಟ. ರಾತ್ರಿ ಹಾಸಿಗೆ ಹತ್ತಿರ ಹೋಗಿ ಕೇಳಿದೆ, ‘ನಿಂಗೆ ಸಿಟ್ಟು ಬರ್ಲಿಲ್ವಾ?’

‘ಯಾರ ಮೇಲೆ?’ ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಬೇಡ ಅಂದಿದ್ದು ತಮ್ಮನ ಮೇಲಿನ ಪ್ರೀತಿಗಾ, ಇಲ್ಲಾ ಬೇಕು ಅನ್ನುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿದೆಯಾ? ಇದು ನನಗೆ ನಿಜವಾಗಲೂ ಗೊತ್ತಾಗುತ್ತಿಲ್ಲ. ಪ್ರೀತಿ ಇದೆ, ಅದರಲ್ಲಿ ಅನುಮಾನ ಇಲ್ಲ. ಮಲಗಿದ್ದ ಅವನ ಕಾಲಿನ ಗುಳ್ಳೆಗಳಿಗೆ ಒಂದೊಂದಾಗಿ ಲೋಷನ್ ಹಚ್ಚಿದ್ದು ಅವಳೇ. ಆದರೆ ಅಷ್ಟು ಬೇಗ, ಅಷ್ಟು ಸುಲಭವಾಗಿ ಬ್ಯಾಗ್ ಬಿಚ್ಚಿದಳಲ್ಲ, ಅದನ್ನು ನೋಡಿ ನನಗೆ ಭಯವಾಯಿತು.

ಯಾಕೆ ಭಯ ಅಂದರೆ, ನಾನೂ ಮನೆಗೆ ದೊಡ್ಡವನು. ಆ ಬ್ಯಾಗನ್ನು ನಾನೂ ಬಿಚ್ಚಿದ್ದೇನೆ. ಒಳ್ಳೆಯವನು ಅನ್ನಿಸಿಕೊಂಡು ಬೆಳೆದೆ, ಅದರಿಂದ ಸುಖವೂ ಸಿಕ್ಕಿದೆ. ಆದರೆ ನನಗೆ ಏನು ಬೇಕು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ತಕ್ಷಣ ಹೊಳೆಯುವುದಿಲ್ಲ. ನೀನು ಕೆಲಸ ಸಿಕ್ಕಿ ದೂರ ಹೋಗುತ್ತೇನೆ ಅಂದಾಗ ಬಸ್ಸಿನ ಕಿಟಕಿ ಹತ್ತಿರ ನಿಂತು ನಗುನಗುತ್ತಾ ಕಳಿಸಿದೆ, ನೆನಪಿದೆಯಾ? ಆ ಬಸ್ಸು ಹೋದ ಮೇಲೆ ನಾನು ಬಹಳ ದಿನ ಸರಿಯಾಗಿರಲಿಲ್ಲ. ಹೋಗಬೇಡ ಅನ್ನಬೇಕು ಅನ್ನಿಸಿತ್ತು. ನೀನು ಹೋಗಿದ್ದು ಸರಿಯೇ, ನಿಲ್ಲಿಸಬೇಕಾಗಿರಲಿಲ್ಲ. ಆದರೂ ಆ ಮಾತು ಒಂದು ಸಲ ಬಾಯಿಂದ ಹೊರಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಎಷ್ಟು ವರ್ಷದಿಂದ ಅನ್ನಿಸುತ್ತಿದೆ.

ಅಯ್ಯೋ, ಎಲ್ಲಿಂದ ಎಲ್ಲಿಗೆ ಬಂದೆ ನೋಡು. ಎಲ್ಲರೂ ಓದುತ್ತಿದ್ದಾರೆ. ಇದಕ್ಕೆ ಉತ್ತರ ಬರೆಯಬೇಡ, ಸುಮ್ನೆ ತಿಳಿದಿರಲಿ. ಬೇಕಾದರೆ ಛತ್ರಿ ವಿಷಯ ಎತ್ತು, ಈ ಸಲ ನಾನೇನೂ ಅನ್ನಲ್ಲ.

ಒಳ್ಳೆಯ ಸುದ್ದಿಯೂ ಇದೆ. ನಿನ್ನೆ ಚಿಕ್ಕವನು ಮೈಗೆಲ್ಲ ಲೋಷನ್ ಹಚ್ಚಿಕೊಂಡು ಅವಳ ಹಾಸಿಗೆ ಮೇಲೆ ಹೊರಳಾಡಿದ. ಕಪಾಟು ತೆಗೆದು ಆ ನೋಟ್‌ಬುಕ್ಕಿನ ಏಡಿಯ ಪುಟದ ಮೇಲೆ ಗುಲಾಬಿ ಬಣ್ಣದ ಕೈ ಒತ್ತಿದ. ಅವಳು ಕಿರುಚಿದಳು ನೋಡು, ‘ನಿನ್ನಿಂದ ಸಮುದ್ರನೂ ಹೋಯ್ತು, ಇದೂ ಹೋಯ್ತು!’ ಅಂತ. ಬಾಗಿಲು ಹಾಕಿಕೊಂಡು ಜೋರಾಗಿ ಅತ್ತಳು. ಅವಳಮ್ಮ ಒಳಗೆ ಹೋಗಿ ಪಕ್ಕದಲ್ಲಿ ಮಲಗಿದಳು. ಬಹಳ ಹೊತ್ತು ಇಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಅವಳ ಮೂಗು ಕೆಂಪಾಗಿತ್ತು. ‘ಅಪ್ಪ, ನಾನು ಅಮ್ಮ ಹೋಗಿ ಬಂದ್ರೆ ನಿಮಗೆ ಬೇಜಾರಾಗುತ್ತಾ?’ ಅಂದಳು. ಸ್ವಲ್ಪ ಬೇಜಾರಾಗುತ್ತೆ, ಆದ್ರೂ ನೀನು ಹೋಗ್ಬೇಕು ಅಂದೆ. ಇವತ್ತು ಬೆಳಿಗ್ಗೆ ಟಿಕೆಟ್ ದಿನ ಬದಲಾಯಿಸಿದೆವು. ಚಿಕ್ಕವನಿಗೆ ಹೇಳಿದ ಮೇಲೆ ಅವನ ರಂಪ ಇನ್ನೂ ನಿಂತಿಲ್ಲ. ಅವನು ಅಳಲಿ, ಅವನಿಗೂ ಹಕ್ಕಿದೆ.

ಹೊಸ ಗುಳ್ಳೆ ಏಳುವುದು ನಿಂತಿದೆ. ಇರುವವು ಒಣಗುತ್ತಿವೆ. ಅವರಿಬ್ಬರೂ ಹೊರಟ ಮೇಲೆ ಮನೆಯಲ್ಲಿ ನಾನು, ಇವನು ಇಬ್ಬರೇ. ನಿನಗೆ ರಜೆ ಸಿಕ್ಕರೆ ಬಾ. ನಿನ್ನ ಜೊತೆ ಕೂತು ಮಾತಾಡಬೇಕು ಅನ್ನಿಸುತ್ತಿದೆ, ನನಗೆ ಬೇಕು ಅಂತ ಬಾಯಿಬಿಟ್ಟು ಕೇಳುತ್ತಿದ್ದೇನೆ. ಆದರೆ ಹೊರಡುವ ಮೊದಲು ನಿಮ್ಮಮ್ಮನಿಗೆ ಫೋನ್ ಮಾಡಿ ನಿನಗೆ ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದಿತ್ತಾ ಕೇಳು. ಬಂದಿಲ್ಲ, ಲಸಿಕೆಯೂ ಆಗಿಲ್ಲ ಅಂದರೆ ಇವನ ಹಕ್ಕಳೆ ಎಲ್ಲ ಒಣಗಿದ ಮೇಲೇ ಬಾ. ನಿನ್ನ ವಯಸ್ಸಲ್ಲಿ ಇದು ಬಂದರೆ ಮಕ್ಕಳಿಗಿಂತ ಜಾಸ್ತಿ ಸತಾಯಿಸುತ್ತದೆ.

ನಿನ್ನ,
ಮೇಲಿನ ಬರ್ತಿನವನು