ಫ್ರೀ ಅರ್ಜಿಗೆ ದುಡ್ಡು ಕೊಟ್ಟ ಕಥೆ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫೀಸಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಫೀಸು ಜಾಸ್ತಿ ಎನ್ನುವುದು ಅಮೆರಿಕದಲ್ಲೇ ಇರುವ ನಮಗೆ ಹೊಸ ಸುದ್ದಿಯಲ್ಲ. ಅದಕ್ಕೆ ನೆರವು ಎಲ್ಲಿ ಸಿಗುತ್ತದೆ ಎಂಬ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ಮಗಳು ಕಾಲೇಜು ಸೇರುವ ವರ್ಷ ನಾನು ‘ಫಾಫ್ಸಾ’ ಅರ್ಜಿ (ಕಾಲೇಜು ಓದಿಗೆ ಇಲ್ಲಿನ ಕೇಂದ್ರ ಸರ್ಕಾರದ ನೆರವು ಕೇಳುವ ಅರ್ಜಿ) ತುಂಬಿಕೊಡಲು ಒಬ್ಬ ಸಲಹೆಗಾರನಿಗೆ ದುಡ್ಡು ಕೊಟ್ಟೆ. ಆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ‘ಎಫ್’ ‘ಫ್ರೀ’ ಎಂಬುದರ ಗುರುತು ಅಂತ ಆಮೇಲೆ ಗೊತ್ತಾಯಿತು! ಮರುವರ್ಷ ಸರ್ಕಾರದ ಸ್ಟೂಡೆಂಟ್‌ಏಡ್ ವೆಬ್‌ಸೈಟಿನಲ್ಲಿ ನಾವೇ ತುಂಬಿದೆವು. ಒಂದು ಸಂಜೆಯ ಕೆಲಸ. ಆದಾಯದ ಲೆಕ್ಕ ತೆರಿಗೆ ಇಲಾಖೆಯಿಂದ ನೇರವಾಗಿ ಬಂದು ಕೂರುತ್ತದೆ.

ನಮ್ಮವರಲ್ಲಿ ಇನ್ನೊಂದು ಮಾತಿದೆ: ‘ನಾವು ಎಚ್‌1ಬಿ ಕೆಲಸದ ವೀಸಾದವರು, ನಮಗೆಲ್ಲ ಸಿಗಲ್ಲ ಬಿಡಿ’. ನೋಡುವುದು ಅಪ್ಪ ಅಮ್ಮನ ವೀಸಾ ಅಲ್ಲ, ವಿದ್ಯಾರ್ಥಿ ಯಾರು ಅಂತ. ಇಲ್ಲೇ ಹುಟ್ಟಿದ ಮಗು ಇಲ್ಲಿನ ಪ್ರಜೆ, ಅರ್ಜಿ ಹಾಕಬಹುದು. ಗ್ರೀನ್ ಕಾರ್ಡ್ ಇರುವವರೂ ಹಾಕಬಹುದು. ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದ ತಾಯಿಗೂ ಈಗ ಆ ವೆಬ್‌ಸೈಟಿನಲ್ಲಿ ಖಾತೆ ತೆರೆಯಲು ಅವಕಾಶವಿದೆ. ಎಫ್‌1 ವೀಸಾದಲ್ಲಿ ಓದಲು ಬಂದವರಿಗೆ ಸರ್ಕಾರದ ಈ ನೆರವು ಇಲ್ಲ. ಅವರು ಕಾಲೇಜನ್ನೇ ಕೇಳಬೇಕು.

ಆದಾಯ ಕಡಿಮೆ ಇದ್ದರೆ ಪೆಲ್ ಗ್ರಾಂಟ್ ಎಂಬ ಸರ್ಕಾರಿ ಸಹಾಯಧನ ಸಿಗಬಹುದು. 2024-25ರಲ್ಲಿ ಅದು ವರ್ಷಕ್ಕೆ ಗರಿಷ್ಠ 7,395 ಡಾಲರ್ ಇತ್ತು. ತೀರಿಸಬೇಕಿಲ್ಲ. ಸಂಬಳ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ. ಎಷ್ಟೋ ಕಾಲೇಜುಗಳು ತಮ್ಮದೇ ಸ್ಕಾಲರ್‌ಶಿಪ್ ಹಂಚುವಾಗಲೂ ಈ ಅರ್ಜಿ ನೋಡುತ್ತವೆ. ಅರ್ಜಿಯಲ್ಲಿರುವುದು ಹಳೆಯ ವರ್ಷದ ಆದಾಯ. ನಡುವೆ ಕೆಲಸ ಹೋಗಿದ್ದರೆ ಕಾಲೇಜಿನ ನೆರವು ವಿಭಾಗಕ್ಕೆ ದಾಖಲೆ ಕೊಟ್ಟು ಮತ್ತೆ ನೋಡಿ ಅಂತ ಕೇಳಬಹುದು. ಕೇಳಿದವರು ನನಗೆ ಗೊತ್ತಿರುವವರಲ್ಲಿ ಒಬ್ಬರೇ.

ಇಲ್ಲಿನ ಸೈನ್ಯದಲ್ಲಿ ಇದ್ದು ಬಂದ ನಮ್ಮ ಹುಡುಗರದ್ದು ಬೇರೆ ಕಥೆ. ಗೆಳೆಯನ ಮಗ ಸೇವೆ ಮುಗಿಸಿ ಬಂದವನು ‘ಅಪ್ಪನ ಸಂಬಳ ನೋಡಿ ಏನೂ ಕೊಡಲ್ಲ’ ಎಂದು ಎರಡು ವರ್ಷ ಅರ್ಜಿಯನ್ನೇ ಹಾಕಲಿಲ್ಲ. ಆದರೆ ಮಾಜಿ ಸೈನಿಕರಿಗೆ ಫಾಫ್ಸಾದಲ್ಲಿ ಅಪ್ಪ ಅಮ್ಮನ ಆದಾಯ ಕೇಳುವುದೇ ಇಲ್ಲ! ಅದರ ಮೇಲೆ ಸೈನಿಕರ ಓದಿಗೆ ನೆರವು ಕೊಡುವ ಜಿಐ ಬಿಲ್ ಎಂಬ ಕಾನೂನು ಇದೆ. 1944ರಲ್ಲಿ ಎರಡನೇ ಮಹಾಯುದ್ಧದ ಸೈನಿಕರಿಗಾಗಿ ಶುರುವಾದದ್ದು. ಈಗಿನ ‘ಪೋಸ್ಟ್ 9/11’ (2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸೇವೆ ಮಾಡಿದವರ) ಜಿಐ ಬಿಲ್‌ನಲ್ಲಿ ಮೂರು ವರ್ಷ ಪೂರ್ಣ ಸೇವೆ ಮಾಡಿದವರಿಗೆ ಸರ್ಕಾರಿ ಕಾಲೇಜಿನಲ್ಲಿ ಆ ರಾಜ್ಯದ ನಿವಾಸಿಗಳಿಗೆ ಇರುವಷ್ಟು ಫೀಸು ಪೂರ್ತಿ ಸಿಗುತ್ತದೆ, 36 ತಿಂಗಳವರೆಗೆ. ಮನೆ ಬಾಡಿಗೆಗೆ, ಪುಸ್ತಕಕ್ಕೆ ಬೇರೆ. ಪೆಲ್ ಗ್ರಾಂಟ್‌ಗೆ ಅರ್ಹರಾದರೆ ಅದನ್ನೂ ಜೊತೆಗೆ ಪಡೆಯಬಹುದು. ಹೆಂಡತಿ ಮಕ್ಕಳ ಹೆಸರಿಗೆ ವರ್ಗಾಯಿಸುವುದಿದ್ದರೆ ಸೇವೆಯಲ್ಲಿ ಇರುವಾಗಲೇ ಮಾಡಬೇಕು. ಸಮವಸ್ತ್ರ ಕಳಚಿದ ಮೇಲೆ ಆಗುವುದಿಲ್ಲ.

ಫಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ರಾಜ್ಯಗಳ, ಕಾಲೇಜುಗಳ ಕೊನೆಯ ದಿನ ಒಂದೊಂದು ಥರ. ಮುಂದಿನ ಸಲ ಫೀಸಿನ ಬಗ್ಗೆ ಬರೆಯುವಾಗ ಪಕ್ಕದಲ್ಲಿ ಒಂದು ಚಿಕ್ಕ ಚೌಕ ಹಾಕಿ ಇಷ್ಟನ್ನು ಅಚ್ಚು ಮಾಡಬಹುದಲ್ವಾ? ಸೆಪ್ಟೆಂಬರಿನಲ್ಲೇ ಬಂದರೆ ಇನ್ನೂ ಒಳ್ಳೆಯದು.

— ನಿಮ್ಮ ಓದುಗ, ನ್ಯೂಜೆರ್ಸಿ